ಪವನಶಕ್ತಿ

ಬೀಸುವ ಗಾಳಿಯ ಚಲನಶಕ್ತಿಯನ್ನು ಯಂತ್ರದ ಮೂಲಕ ಹಿಟ್ಟು ಬೀಸಲು, ನೀರೆತ್ತಲು, ವಿದ್ಯುತ್ ಉತ್ಪಾದಿಸಲು ಬಳಸಿಕೊಂಡಾಗ ಅದನ್ನು ಪವನಶಕ್ತಿ ಎನ್ನುತ್ತಾರೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ರೆಕ್ಕೆಯ ಉದ್ದ ಎರಡರಷ್ಟಾದರೆ ಅದು ಸುತ್ತುವ ವಿಸ್ತೀರ್ಣ ನಾಲ್ಕರಷ್ಟು. ಯಂತ್ರಗಳು ಎತ್ತರಕ್ಕೂ ಅಗಲಕ್ಕೂ ಬೆಳೆಯುತ್ತಲೇ ಹೋದದ್ದಕ್ಕೆ ಈ ಲೆಕ್ಕವೇ ಕಾರಣ. ಆದರೂ ಗಾಳಿಯ ಶಕ್ತಿಯೆಲ್ಲ ಕೈಗೆ ಸಿಗುವುದಿಲ್ಲ. ರೆಕ್ಕೆಗಳನ್ನು ದಾಟಿದ ಗಾಳಿ ಮುಂದೆ ಸಾಗಲೇಬೇಕಾದ್ದರಿಂದ ಶೇ. 59.3ಕ್ಕಿಂತ ಹೆಚ್ಚು ಪಡೆಯಲಾಗದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿಕೊಟ್ಟ.

ಇರಾನಿನ ನಷ್ತಿಫಾನ್‌ನಲ್ಲಿ ನೆಟ್ಟಗೆ ನಿಂತ ಅಚ್ಚಿನ ಸುತ್ತ ತಿರುಗುವ ಹಳೆಯ ಗಿರಣಿಗಳಿವೆ. ನೆದರ್ಲೆಂಡ್ಸ್‌ನವರು ತಗ್ಗು ನೆಲದ ನೀರನ್ನು ಹೊರಹಾಕಲು ಗಾಳಿಯನ್ನೇ ನೆಚ್ಚಿದರು. ಬಾವಿಯ ಪಂಪಿಗೆ ಜೋಡಿಸುವ ಯಂತ್ರಕ್ಕೆ ಹತ್ತಾರು ರೆಕ್ಕೆಗಳಿರುತ್ತವೆ. ನೀರಿನ ಭಾರ ಎಳೆಯುತ್ತ ಮಂದಗಾಳಿಯಲ್ಲೂ ತಿರುಗಲು ಅದಕ್ಕೆ ವೇಗಕ್ಕಿಂತ ಬಲ ಮುಖ್ಯ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1960ರ ದಶಕದಲ್ಲಿ ಇಂಥ ನೀರೆತ್ತುವ ಯಂತ್ರವನ್ನು ರೂಪಿಸಿತ್ತು.

ಜನರೇಟರಿಗೆ ಬೇಕಾದದ್ದು ವೇಗ. ಹಾಗಾಗಿ ರೆಕ್ಕೆ ಮೂರೇ ಸಾಕು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ 1887ರಲ್ಲಿ ಗಾಳಿಯಿಂದ ಬ್ಯಾಟರಿ ತುಂಬಿಸಿ ತನ್ನ ಮನೆಗೆ ದೀಪ ಹಚ್ಚಿದ. ಇಂದಿಗೂ ಲೈನು ತಲುಪದ ತೋಟದ ಮನೆಗೆ ಸೌರಫಲಕದ ಜೊತೆ ಸಣ್ಣ ಗಾಳಿಯಂತ್ರ ಒದಗುತ್ತದೆ. ನಗರದ ತಾರಸಿಯ ಮೇಲೆ ಮಾತ್ರ ಅದು ಸಾಮಾನ್ಯವಾಗಿ ನಿರಾಶೆಯನ್ನೇ ತರುತ್ತದೆ. ಸುತ್ತಲ ಕಟ್ಟಡಗಳು ಗಾಳಿಯನ್ನು ತಡೆದು ಸುಳಿ ಎಬ್ಬಿಸುತ್ತವೆ.

ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ 1957ರಲ್ಲಿ ನಿಂತ 200 ಕಿಲೋವಾಟ್ ಯಂತ್ರ ಇಂದಿನ ಮೂರು ರೆಕ್ಕೆಯ ದೈತ್ಯಗಳಿಗೆ ಮಾದರಿಯಾಯಿತು. ಸಮುದ್ರದ ಮೇಲಿನ ಮೊದಲ ಗಾಳಿ ವಿದ್ಯುತ್ ಸ್ಥಾವರ ಅದೇ ದೇಶದ ವಿಂಡೆಬಿಯಲ್ಲಿ 1991ರಲ್ಲಿ ಬಂತು. 450 ಕಿಲೋವಾಟಿನ 11 ಯಂತ್ರಗಳು ಅಲ್ಲಿದ್ದವು. ಈಗ ಸಮುದ್ರದಲ್ಲಿ ನಿಲ್ಲಿಸುವ ಒಂದೇ ಯಂತ್ರ ಆ ಇಡೀ ಸ್ಥಾವರವನ್ನು ಮೀರಿಸಬಲ್ಲದು. ದೊಡ್ಡ ಯಂತ್ರಗಳು ಸೆಕೆಂಡಿಗೆ ಸುಮಾರು 3 ಮೀಟರ್ ಗಾಳಿಯಲ್ಲಿ ಕೆಲಸ ಆರಂಭಿಸುತ್ತವೆ. 25 ಮೀಟರ್ ಸಮೀಪಿಸಿದರೆ ರೆಕ್ಕೆ ಓರೆಯಾಗಿಸಿಕೊಂಡು ನಿಲ್ಲುತ್ತವೆ.

ಕರ್ನಾಟಕದಲ್ಲಿ ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಸಾಲುಗಳಿಗೆ ನೈಋತ್ಯ ಮುಂಗಾರೇ ಸುಗ್ಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರಗಳು ಭರದಿಂದ ತಿರುಗುತ್ತವೆ. ಮಳೆ ಚೆನ್ನಾಗಿ ಬಿದ್ದರೆ ರೈತರ ಪಂಪ್‌ಸೆಟ್‌ಗಳಿಗೆ ಕೆಲಸ ಕಡಿಮೆಯಾಗುವುದೂ ಆಗಲೇ. ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಗಾಳಿ ಅಷ್ಟು ಕೈಹಿಡಿಯುವುದಿಲ್ಲ. ಆದ್ದರಿಂದ ಗ್ರಿಡ್ ನಡೆಸುವವರು ಜಲವಿದ್ಯುತ್, ಉಷ್ಣವಿದ್ಯುತ್ ಸ್ಥಾವರಗಳನ್ನು ಏರಿಳಿಸಿ ಲೆಕ್ಕ ಸರಿದೂಗಿಸಬೇಕಾಗುತ್ತದೆ.