ಪಿ.ಬಿ. ರೋಡ್, ಎನ್‌ಎಚ್ 4, ಎನ್‌ಎಚ್ 48: ದಾರಿ ಒಂದೇ, ಹೆಸರು ಮೂರು

ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಯಾವ ಊರಿನಲ್ಲಾದರೂ ಆಟೊದವರಿಗೆ ‘ಪಿ.ಬಿ. ರೋಡ್’ ಅಂದರೆ ಸಾಕು, ದಾರಿ ಗೊತ್ತು. ಪಿ.ಬಿ. ಅಂದರೆ ಪೂನಾ–ಬೆಂಗಳೂರು. ಊರ ಹೊರಗೆ ಬೈಪಾಸ್ ಆಗುವ ಮೊದಲು ಲಾರಿ, ಬಸ್ಸು, ಚಕ್ಕಡಿ ಎಲ್ಲ ಓಡಾಡಿದ್ದು ಪೇಟೆ ನಡುವಿನ ಇದೇ ರಸ್ತೆಯಲ್ಲಿ. ದೊಡ್ಡ ರಸ್ತೆ ಊರಾಚೆ ಹೋಯಿತು, ಹೆಸರು ಮಾತ್ರ ಪೇಟೆಯಲ್ಲೇ ಉಳಿಯಿತು.

ಬ್ರಿಟಿಷರ ಕಾಲದಲ್ಲಿ ಈ ದಾರಿ ಎರಡು ಆಡಳಿತಗಳನ್ನು ದಾಟುತ್ತಿತ್ತು. ಹರಿಹರದವರೆಗೆ ಮೈಸೂರು ಸಂಸ್ಥಾನ. ತುಂಗಭದ್ರೆ ದಾಟಿದರೆ ರಾಣೇಬೆನ್ನೂರಿನ ಕಡೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಅತ್ತ ಪುಣೆ ಮತ್ತು ಮುಂಬೈ ನಡುವೆ ಗಾಡಿ ಇಳಿಯುವಂಥ ಬೋರ್ ಘಾಟ್ ರಸ್ತೆ 1830ರಲ್ಲೇ ತೆರೆದಿತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಹೊಳೆಯ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು.

‘ರಾಷ್ಟ್ರೀಯ ಹೆದ್ದಾರಿ’ ಎಂಬ ವಿಂಗಡಣೆಯ ಮೂಲ 1943ರ ನಾಗಪುರ ಯೋಜನೆ. ದೇಶದ ಮುಖ್ಯ ಎಂಜಿನಿಯರುಗಳು ಅಲ್ಲಿ ಸೇರಿ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಹಳ್ಳಿ ರಸ್ತೆ ಎಂದು ಭಾಗ ಮಾಡಿದರು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂತು. ನಮ್ಮ ದಾರಿಗೆ ಸಿಕ್ಕ ನಂಬರ್ 4.

1999ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಸುವರ್ಣ ಚತುಷ್ಪಥಕ್ಕೆ ಅಡಿಗಲ್ಲು ಹಾಕಿದರು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಸೇರಿಸುವ 5,846 ಕಿ.ಮೀ. ನಾಲ್ಕು ಪಥದ ರಸ್ತೆ ಅದು. ಮುಂಬೈ–ಚೆನ್ನೈ ಭಾಗ ಹಾದು ಹೋಗುವುದು ನಮ್ಮಲ್ಲೇ. ಡಿವೈಡರ್, ಟೋಲ್, ಬೈಪಾಸ್, ಸರ್ವಿಸ್ ರೋಡ್ ಎಂಬ ಮಾತುಗಳು ಹಳ್ಳಿಯ ಬಾಯಿಗೆ ಬಂದದ್ದು ಆ ಹೊತ್ತಿನಲ್ಲಿ.

2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಂಗಳೂರು ಹಾದು ಚೆನ್ನೈವರೆಗಿನ ಸುಮಾರು 2,800 ಕಿ.ಮೀ. ದಾರಿ ಎನ್‌ಎಚ್ 48 ಆಯಿತು. ಹಳೇ 4ರಲ್ಲಿದ್ದ ಕೋಲಾರ, ಮುಳಬಾಗಿಲು ಈಗ ಎನ್‌ಎಚ್ 75ರಲ್ಲಿವೆ.

ಹೊಸ ನಂಬರಿಗೆ ಒಂದು ಲೆಕ್ಕ ಇದೆ. ಉತ್ತರ–ದಕ್ಷಿಣ ಓಡುವ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತದೆ. ಅದಕ್ಕೇ ನಮ್ಮ ಕರಾವಳಿ ರಸ್ತೆ 66. ಪೂರ್ವ–ಪಶ್ಚಿಮದ ರಸ್ತೆಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿ ಇದ್ದರೆ ಕವಲು ರಸ್ತೆ. ಬೆಳಗಾವಿ–ಪಣಜಿ ರಸ್ತೆ 748, ಅಂದರೆ 48ರ ಕವಲು.

ಕರ್ನಾಟಕದಲ್ಲಿ ಈ ದಾರಿ ಅತ್ತಿಬೆಲೆಯಲ್ಲಿ ಒಳಬಂದು ಬೆಂಗಳೂರು, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಕಿತ್ತೂರು, ಬೆಳಗಾವಿ, ಸಂಕೇಶ್ವರ ದಾಟಿ ನಿಪ್ಪಾಣಿಯಾಚೆ ಮಹಾರಾಷ್ಟ್ರ ಸೇರುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ, ವಿಜಯಪುರ ಕಡೆಯ ಎನ್‌ಎಚ್ 50 ಬಂದು ಕೂಡುತ್ತದೆ. ಹುಬ್ಬಳ್ಳಿಯಲ್ಲಿ ಅಂಕೋಲಾ ಕಡೆಯ 52 ಸಿಗುತ್ತದೆ. ದಾರಿಯಲ್ಲಿ ವೇದಾವತಿ, ತುಂಗಭದ್ರೆ, ವರದಾ, ಮಲಪ್ರಭೆ, ಘಟಪ್ರಭೆ ಅಡ್ಡ ಬರುತ್ತವೆ. 2019ರ ಆಗಸ್ಟ್ ಮಳೆಗೆ ನಿಪ್ಪಾಣಿ, ಕೊಲ್ಹಾಪುರದ ಬಳಿ ನೀರು ರಸ್ತೆಗೇ ಬಂದು ಸಂಚಾರ ನಿಂತಿತ್ತು.

ಅಗಲ ಆದ ರಸ್ತೆ ಎಲ್ಲ ಕಡೆ ಒಂದೇ ಥರ ಆಗಲಿಲ್ಲ. ಹುಬ್ಬಳ್ಳಿ–ಧಾರವಾಡದ ಸುಮಾರು 30 ಕಿ.ಮೀ. ಬೈಪಾಸ್, ಆಚೆ ಈಚೆ ನಾಲ್ಕು ಪಥ ಆದ ಮೇಲೂ ವರ್ಷಗಟ್ಟಲೆ ಎರಡೇ ಪಥದಲ್ಲಿ ಉಳಿಯಿತು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ಟೆಂಪೊ ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳು. ಆಮೇಲೆ ಅಗಲೀಕರಣದ ಕೂಗು ಜೋರಾಯಿತು.

ಹೆದ್ದಾರಿ ಪಕ್ಕದ ಹಳ್ಳಿಗೆ ರಸ್ತೆ ಅಂದರೆ ಜಮೀನಿನ ಪ್ರಶ್ನೆಯೂ ಹೌದು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ; ಅಂಡರ್‌ಪಾಸ್ ಇಲ್ಲದಿದ್ದರೆ ದನ ಹೊಡೆದುಕೊಂಡು ಡಿವೈಡರ್ ದಾಟುವ ಪಾಡು. ಇನ್ನೂ ಹಲವು ಕಡೆ ಅಗಲೀಕರಣ ನಡೆಯುತ್ತಿರುವಾಗ ಇಷ್ಟು ಗೊತ್ತಿರಲಿ. ಭೂಮಿ ತೆಗೆದುಕೊಳ್ಳುವ ಮೊದಲು 3ಎ ಅಧಿಸೂಚನೆ ಹೊರಡಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದೇ ಆಗಿರಬೇಕು. ಗೆಜೆಟ್‌ನಲ್ಲಿ ಪ್ರಕಟವಾದ 21 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬಹುದು. 2015ರ ಜನವರಿ 1ರಿಂದ ಪರಿಹಾರದ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾಯ್ದೆಯೇ ಆಧಾರ. ಅದಕ್ಕೂ ಹಿಂದೆ, 1997ರಿಂದೀಚೆಗೆ ಹೆದ್ದಾರಿಗೆ ಭೂಮಿ ಹೋದವರಿಗೂ ಹೆಚ್ಚುವರಿ ಪರಿಹಾರ, ಬಡ್ಡಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಣ ಕಡಿಮೆ ಅನ್ನಿಸಿದರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು.

ಆದ್ದರಿಂದ ಪಹಣಿಯಲ್ಲಿ ಹೆಸರು ಸರಿ ಇದೆಯೇ, ಈಗಲೇ ನೋಡಿಕೊಳ್ಳಿ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಖಾತೆ ಇದ್ದರೆ ಪರಿಹಾರದ ಹಣ ಕೈಗೆ ಬರುವುದು ತಡ. ಅಂಡರ್‌ಪಾಸ್ ಬೇಕು ಅನ್ನುವುದನ್ನು ನಕ್ಷೆ ಆಗುವ ಹೊತ್ತಿನಲ್ಲೇ ಗ್ರಾಮಸಭೆಯಲ್ಲಿ ಬರೆಸಿ. ಹೆದ್ದಾರಿಯಲ್ಲಿ ಅಪಘಾತ ಕಂಡರೆ 1033ಕ್ಕೆ ಫೋನ್ ಮಾಡಿ.