ಕಡತ, ಕಾಗದ ಮತ್ತು ದಾಂಡೇಲಿಯ ಕಾರ್ಖಾನೆ: ಬಾಗಲಕೋಟೆ ಪ್ರದೇಶದ ಮನೆಬಳಕೆಯ ಕಾಗದವನ್ನು ಕುರಿತು ಒಂದು ವಿಚಾರ

ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಕ್ರಿ. ಶ. 543ರಲ್ಲಿ ಬರೆಯಿಸಿದ ಶಾಸನವನ್ನೂ, ಹುನಗುಂದ ಸೀಮೆಯ ಐಹೊಳೆಯಲ್ಲಿರುವ 634ರ ರವಿಕೀರ್ತಿಯ ಪ್ರಶಸ್ತಿಯನ್ನೂ ಅರಿಯದ ಇತಿಹಾಸದ ವಿದ್ಯಾರ್ಥಿ ವಿರಳ. ಆದರೆ ಅದೇ ನೆಲದ ಗೃಹಸ್ಥನು ತನ್ನ ಕೊಟ್ಟು ಕೊಂಡ ಲೆಕ್ಕವನ್ನು ಯಾವುದರ ಮೇಲೆ ಬರೆದಿಟ್ಟನೆಂಬ ಪ್ರಶ್ನೆಯನ್ನು ನಾವು ಕೇಳಿದುದು ಕಡಿಮೆ.

ಕಾಗದ ಬರುವ ಮೊದಲೂ, ಬಂದ ಮೇಲೆ ಬಹುಕಾಲವೂ, ಕನ್ನಡನಾಡಿನ ವರ್ತಕರಿಗೆ ಕಡತವೇ ಲೆಕ್ಕದ ಪುಸ್ತಕವಾಗಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದಿತು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಪರಿಚಿತವೇ. ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಇಂದಿಗೂ ಕಡತವೆಂದೇ ಹೆಸರು. ವಸ್ತು ಹೋಯಿತು, ಶಬ್ದ ಉಳಿಯಿತು.

ಕಾಗದವೆಂಬ ಶಬ್ದವಾದರೋ ಪಾರಸಿಯಿಂದ ಬಂದುದು. ದಖ್ಖನಿನಲ್ಲಿ ದೌಲತಾಬಾದಿನ ಬಳಿಯ ಕಾಗಜೀಪುರವು ಈ ಕಸುಬಿಗೆ ಹೆಸರಾದ ಊರು. ಹಳೆಯ ಚಿಂದಿಬಟ್ಟೆ, ಹಗ್ಗಗಳನ್ನು ಸುಣ್ಣದ ನೀರಿನಲ್ಲಿ ಕೊಳೆಯಿಸಿ, ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿಯ ಚೌಕಟ್ಟಿನಿಂದ ಹಾಳೆಯನ್ನು ಎತ್ತುವುದು. ಬಳಿಕ ಗಂಜಿ ಸವರಿ ನುಣುಪಾದ ಕಲ್ಲಿನಿಂದ ತಿಕ್ಕುವುದು, ಇದೇ ಅದರ ಕ್ರಮ. 1490ರಿಂದ 1686ರ ವರೆಗೆ ವಿಜಾಪುರದಲ್ಲಿ ಆಳಿದ ಆದಿಲಶಾಹಿಗಳ ಫರ್ಮಾನುಗಳು ಕಾಗದದ ಮೇಲಿವೆ. ಆದುದರಿಂದ ಈ ಭಾಗದ ದೇಸಾಯಿ, ಕುಲಕರ್ಣಿಗಳಿಗೆ ಕಾಗದವು ಹೊಸದಾಗಿರಲಿಲ್ಲ.

ಹಾಗಾದರೆ ಅದು ಸಾಮಾನ್ಯರ ಮನೆಗೆ ಬೇಗ ಇಳಿಯಲಿಲ್ಲವೇಕೆ? ಕಚ್ಚಾ ಸಾಮಗ್ರಿಯ ಅಭಾವವನ್ನು ಹೇಳುವಂತಿಲ್ಲ. ಹತ್ತಿ ಬೆಳೆಯುವ ಎರೆಯ ಭೂಮಿ ಇದು. ಇಳಕಲ್ಲಿನಂತಹ ನೇಕಾರರ ಊರಿನಲ್ಲಿ ನೂಲು, ಬಟ್ಟೆಗಳಿಗೆ ಬರವೆಲ್ಲಿಯದು? ಅಳಿಸಿ ಬರೆಯಬಲ್ಲ ಕಡತವು ಕೈಯಲ್ಲಿರುವಾಗ ಒಮ್ಮೆ ಬರೆದು ಮುಗಿಯುವ ಹಾಳೆಗೆ ಹಣ ತೆರುವ ಅವಶ್ಯಕತೆಯೇ ತೋರಿರಲಾರದೆಂದು ನಾವು ಊಹಿಸುತ್ತೇವೆ. ಇದು ಊಹೆ ಮಾತ್ರ, ಆದರೆ ನಿರಾಧಾರವಾದುದಲ್ಲ.

ಯಂತ್ರದ ಕಾಗದವು ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿತು. ಅದಕ್ಕೆ ಬೇಕಾದುದು ಚಿಂದಿಯಲ್ಲ, ಬಿದಿರು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳಲ್ಲಿ ಅದಿಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕಾಳೀ ನದಿಯ ದಂಡೆಯ ದಾಂಡೇಲಿಯಲ್ಲಿ ತಲೆಯೆತ್ತಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ನೋಂದಣಿಯಾಯಿತು. ಆಗ ಉತ್ತರ ಕನ್ನಡವೂ, ಬಾಗಲಕೋಟೆಯನ್ನೊಳಗೊಂಡ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಎರಡೂ ಮೈಸೂರು ರಾಜ್ಯವನ್ನು ಸೇರಿದವು. ಕಾರ್ಖಾನೆಯಲ್ಲಿ ಉತ್ಪಾದನೆ ಮೊದಲಾದುದು 1959ರಲ್ಲಿ. ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದಲ್ಲಿ ಕೆಲಸಕ್ಕೆ ತೊಡಗಿದ ಈ ಸಂಸ್ಥೆಯನ್ನು ಏಕೀಕರಣದ ಆರ್ಥಿಕ ಇತಿಹಾಸವನ್ನು ಬರೆಯುವವರು ಅಲಕ್ಷಿಸಬಾರದು. ಭದ್ರಾವತಿಯ ಕಾರ್ಖಾನೆಯು 1977ರಲ್ಲಿ ಸರಕಾರಿ ಕಂಪನಿಯಾಗಿ, 1981ರಿಂದ ಪತ್ರಿಕಾ ಕಾಗದವನ್ನೂ ತಯಾರಿಸಿ, 2015ರ ಸುಮಾರಿಗೆ ನಿಂತುಹೋಯಿತು.

ಮನೆಯಲ್ಲಿ ಈ ಕಾಗದವು ಕಿರ್ದಿ, ಖತಾವಣಿ, ಪಂಚಾಂಗ, ಲಗ್ನಪತ್ರಿಕೆ, ಮಕ್ಕಳ ನೋಟುಬುಕ್ಕುಗಳ ರೂಪವನ್ನು ತಾಳಿತು. ದೀಪಾವಳಿಯಲ್ಲಿ ಅಂಗಡಿಕಾರರು ಹೊಸ ವಹಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಆದರೆ ಹಳೆಯ ವಹಿಗೆ ಪೂಜೆಯಿಲ್ಲ! ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ, ಜನರು ನವನಗರಕ್ಕೆ ತೆರಳುವಾಗ ಪಾತ್ರೆ ಪಗಡೆಗಳನ್ನು ಒಯ್ದಂತೆ ಲೆಕ್ಕದ ಕಟ್ಟುಗಳನ್ನೂ ಎಲ್ಲರೂ ಒಯ್ದರೆಂದು ನಂಬುವುದು ಕಷ್ಟ. ಇಳಕಲ್ಲಿನಲ್ಲಿ ನೂಲು ಕೊಡುವ ಸಾವುಕಾರನಿಗೂ ಸೀರೆ ನೇಯುವವನಿಗೂ ಇದ್ದ ಸಾಲದ ಸಂಬಂಧವನ್ನು ಅರಿಯಲು ಇಂತಹ ವಹಿಗಳಿಗಿಂತ ಹತ್ತಿರದ ಸಾಕ್ಷ್ಯ ನಮಗಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಅಟ್ಟಗಳಿಂದಲೇ ಹುಡುಕಾಟವನ್ನು ಆರಂಭಿಸಬಹುದು.

ತಡಮಾಡುವಂತಿಲ್ಲ. ಏಕೆಂದರೆ ಮನೆಯಲ್ಲಿಯೂ ಒಂದು ಕಾಗದದ ಉದ್ಯೋಗವಿದೆ: ನಮ್ಮ ಹೆಣ್ಣುಮಕ್ಕಳು ರದ್ದಿ ಕಾಗದವನ್ನು ನೀರಿನಲ್ಲಿ ನೆನೆಯಿಸಿ, ಮೆಂತ್ಯವನ್ನು ಸೇರಿಸಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿಗಳನ್ನು ಮಾಡುತ್ತಾರೆ. ಕಾಳುಕಡಿಗಳನ್ನು ತುಂಬಿಡಲು ಅವು ಬಲು ಗಟ್ಟಿ. ಅಂತಹ ಎಷ್ಟು ಬುಟ್ಟಿಗಳೊಳಗೆ ಎಷ್ಟು ವರ್ಷಗಳ ಜಮಾಖರ್ಚು ಅಡಗಿದೆಯೋ!