ಪಾರ್ಕಿನ್ಸನ್ ಕಾಯಿಲೆ: ಲಂಡನ್ನಿನ ಬೀದಿಯಿಂದ ನಸುಗುನ್ನಿ ಬೀಜದವರೆಗೆ

ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ವೈದ್ಯರಾಗಿದ್ದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ರೋಗದ ಬಗ್ಗೆ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಅದಕ್ಕೆ ಆಧಾರ ಬರೀ ಆರು ಮಂದಿ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಇನ್ನೊಬ್ಬನನ್ನು ದೂರದಿಂದ ಕಂಡದ್ದಷ್ಟೇ. ಆ ಮನುಷ್ಯ ಹೊರಡಬೇಕಾದರೆ ಸೇವಕ ಎದುರಿಗೆ ನಿಂತು, ಎರಡೂ ಭುಜಗಳ ಮೇಲೆ ಕೈಯಿಟ್ಟು ಆಸರೆ ಕೊಡಬೇಕಿತ್ತು. ಹಿಂದೆ ಮುಂದೆ ಮೆಲ್ಲಗೆ ತೂಗಿ ಸಮತೋಲ ಸಿಕ್ಕ ಕೂಡಲೇ ಆತ ಸೂಚನೆ ಕೊಟ್ಟು ಓಡತೊಡಗುತ್ತಿದ್ದ. ಸೇವಕ ಪಕ್ಕಕ್ಕೆ ಸರಿದು, ತಾನೂ ಮುಂದೆ ಓಡಿ, ಇಪ್ಪತ್ತು ಹೆಜ್ಜೆಯಾಗುವಷ್ಟರಲ್ಲಿ ಬೀಳದಂತೆ ಹಿಡಿದುಕೊಳ್ಳುತ್ತಿದ್ದ. ನಡೆಯಲಾರದವನು ಓಡಬಲ್ಲವನಾಗಿದ್ದ!

ಇಷ್ಟು ಸೂಕ್ಷ್ಮವಾಗಿ ನೋಡಿದ ಪಾರ್ಕಿನ್ಸನ್, ರೋಗದ ಮೂಲ ಕತ್ತಿನ ಭಾಗದ ಬೆನ್ನುಹುರಿಯಲ್ಲಿದೆ ಎಂದು ಊಹಿಸಿದ್ದರು. ಶವಪರೀಕ್ಷೆಯ ಬೆಂಬಲ ಅವರಿಗಿರಲಿಲ್ಲ. ಮುಂದೆ ಪ್ಯಾರಿಸ್ಸಿನ ಶಾರ್ಕೋ ಈ ಕಾಯಿಲೆಗೆ ಅವರ ಹೆಸರನ್ನೇ ಇಟ್ಟರು. ರೋಗಿಯ ನಿಧಾನಗತಿಗೆ ಸ್ನಾಯುಗಳ ದೌರ್ಬಲ್ಯ ಕಾರಣವಲ್ಲ ಎಂದೂ ತೋರಿಸಿದರು. ಮೂಲದ ಜಾಗ ಖಚಿತವಾದದ್ದು 1919ರಲ್ಲಿ. ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಭಾಗದ ನರಕೋಶಗಳು ಈ ರೋಗಿಗಳಲ್ಲಿ ನಶಿಸಿರುತ್ತವೆ ಎಂದು ಟ್ರೆಟಿಯಾಕಾಫ್ ತಮ್ಮ ಪ್ರಬಂಧದಲ್ಲಿ ದಾಖಲಿಸಿದರು.

ಆ ಕೋಶಗಳು ಸತ್ತರೆ ದೇಹವೇಕೆ ಬಿಗಿಯುತ್ತದೆ? ಉತ್ತರದ ಎಳೆ ಸಿಕ್ಕಿದ್ದು ನಮ್ಮ ಸರ್ಪಗಂಧದ ಬೇರಿನಿಂದ. 1931ರಲ್ಲಿ ಸೇನ್ ಮತ್ತು ಬೋಸ್ ಇದನ್ನು ರಕ್ತದೊತ್ತಡಕ್ಕೂ ಮನೋರೋಗಕ್ಕೂ ಬಳಸಿದ ವರದಿ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಪಾರ್ಕಿನ್ಸನ್ ಲಕ್ಷಣಗಳೇ ಕಾಣಿಸಿಕೊಂಡವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟ ಮೊಲಗಳು ಅಲುಗದೆ ಬಿದ್ದುಕೊಂಡವು. ಡೋಪಾ ಎಂಬ ಪದಾರ್ಥವನ್ನು ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಎದ್ದು ಓಡಾಡಿದವು. ಡೋಪಾ ಮಿದುಳಿನಲ್ಲಿ ಡೋಪಮಿನ್ ಆಗುತ್ತದೆ, ಚಲನೆಗೆ ಬೇಕಾದದ್ದು ಅದೇ ಎಂಬುದು ಹೀಗೆ ಹೊಳೆಯಿತು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಮನುಷ್ಯರ ಮಿದುಳಿನಲ್ಲಿ ಇದನ್ನು ಸಾಬೀತುಮಾಡಿದ ಕೆಲಸ ವಿಯೆನ್ನಾದ್ದು. 1960ರಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕಿವಿಚ್ ಮೃತರ ಮಿದುಳಿನ ತುಣುಕುಗಳನ್ನು ಪರೀಕ್ಷಿಸಿದರು. ಆರೋಗ್ಯವಂತರ ಮಾದರಿಯಿದ್ದ ಶೀಶೆಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಪಾರ್ಕಿನ್ಸನ್ ರೋಗಿಗಳ ಶೀಶೆಗಳಲ್ಲಿ ಆ ಬಣ್ಣ ಮೂಡಲೇ ಇಲ್ಲ ಎನ್ನುವಷ್ಟು ಪೇಲವ. ಆ ಕಪ್ಪು ಭಾಗದ ಕೋಶಗಳು ಒದಗಿಸಬೇಕಿದ್ದ ಡೋಪಮಿನ್ನಿನ ಕೊರತೆ ಬರಿಗಣ್ಣಿಗೇ ಕಂಡಿತ್ತು. ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟಲಾರದು, ಡೋಪಾ ದಾಟಬಲ್ಲದು. ಮರುವರ್ಷವೇ ರೋಗಿಗಳಿಗೆ ಅದನ್ನು ಚುಚ್ಚುಮದ್ದಾಗಿ ಕೊಡಲಾಯಿತು. 1967ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕೊಟ್ಜಿಯಾಸ್, ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾ ಹೋದರೆ ಬಾಯಿಯ ಮೂಲಕವೂ ಕೊಡಬಹುದು ಎಂದು ತೋರಿಸಿದರು.

ಇದೇ ಡೋಪಾವನ್ನು ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ 1937ರಲ್ಲೇ ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಕಾಯಿಯ ರೋಮ ತಾಗಿದರೆ ಮೈಯೆಲ್ಲ ತುರಿಸುವ, ಬೇಲಿಯಲ್ಲಿ ಹಬ್ಬುವ ಆ ಬಳ್ಳಿಯೇ. ಪದಾರ್ಥ ಕೈಯಲ್ಲಿತ್ತು, ಅದು ಯಾವ ರೋಗಕ್ಕೆ ಮದ್ದೆಂದು ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಯುರ್ವೇದದಲ್ಲಿ ನಸುಗುನ್ನಿ ಬಳಕೆಯಲ್ಲಿತ್ತು, ಚರಕ ಸಂಹಿತೆಯ ವಾತರೋಗಗಳಲ್ಲಿ ನಡುಕವೂ ಸೇರಿದೆ, ನಿಜ. ಅಷ್ಟರಿಂದಲೇ ಪಾರ್ಕಿನ್ಸನ್ ಕಾಯಿಲೆಯ ರಹಸ್ಯ ಹಿಂದಿನವರಿಗೆ ಗೊತ್ತಿತ್ತು ಎನ್ನುವುದು ಆತುರದ ತೀರ್ಮಾನ. ಬೀಜವನ್ನು ರೋಗಕ್ಕೆ ಜೋಡಿಸಲು ಮೊಲಗಳೂ ವಿಯೆನ್ನಾದ ಶೀಶೆಗಳೂ ಬೇಕಾದವು.

ಡೋಪಾ ಕೊರತೆ ತುಂಬುತ್ತದೆ, ಕೋಶಗಳ ಸಾವನ್ನು ತಡೆಯದು. ವರ್ಷಗಳ ಸೇವನೆಯ ನಂತರ ಹಲವರಲ್ಲಿ ಕೈಕಾಲು ತಾವಾಗಿಯೇ ಹೊರಳಾಡತೊಡಗುತ್ತವೆ. ಸಾಯುವ ಕೋಶಗಳೊಳಗೆ ಫ್ರೆಡರಿಕ್ ಲೂಯಿ 1912ರಲ್ಲಿ ವರ್ಣಿಸಿದಂಥ ಗಂಟುಗಳಿರುತ್ತವೆ. ಅವುಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಜಮೆಯಾಗಿರುತ್ತದೆ ಎಂದು ತಿಳಿದದ್ದು 1997ರಲ್ಲಿ. ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಇನ್ನೂ ಮುಂದೆ ಹೋಗಿ, ಈ ಗಂಟುಗಳು ಕಪ್ಪು ಭಾಗಕ್ಕಿಂತ ಮೊದಲು ಮಿದುಳುಕಾಂಡದ ತಳದಲ್ಲೂ ವಾಸನೆಯ ಕೇಂದ್ರದಲ್ಲೂ ಹುಟ್ಟುತ್ತವೆ ಎಂದರು. ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮೂಗಿಗೆ ವಾಸನೆ ತಿಳಿಯದಾಗುವುದಕ್ಕೆ ಇದು ವಿವರಣೆಯಾಗಬಲ್ಲದು. ಜೀವಂತವಿದ್ದಾಗ ಲಕ್ಷಣವೇ ತೋರದಿದ್ದವರ ಮಿದುಳನ್ನೂ ಪರೀಕ್ಷಿಸಿದ್ದರಿಂದ ಈ ಮಾತು ಹೊರಬಂತು. ಅಂಥ ಅಧ್ಯಯನಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಕುಟುಂಬದವರು ಒಪ್ಪಿ ದಾನ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧಕರಿಗೆ ದೊರೆಯುತ್ತವೆ.